ನಿಂತರೆ ದೀಪ ಆರುತ್ತೆ, ಪರದೆ ಕಂಡರೆ ಲೆಕ್ಕ ತಪ್ಪುತ್ತೆ: ಸೆನ್ಸರ್ ಒಳಗೆ ನಡೆಯೋದೇನು?

ಪ್ರಶ್ನೆ: ಮೆಟ್ಟಿಲ ಹತ್ತಿರ ಹಾಕಿಸಿದ ಆಟೋಮ್ಯಾಟಿಕ್ ದೀಪ ನಾನು ನಡೆದರೆ ಹತ್ತುತ್ತದೆ, ಅಲ್ಲೇ ನಿಂತು ಫೋನಲ್ಲಿ ಮಾತಾಡುತ್ತಿದ್ದರೆ ಆರಿಹೋಗುತ್ತದೆ. ಮಗಳ ಪ್ರಾಜೆಕ್ಟಿಗೆ ತಂದ ಅಲ್ಟ್ರಾಸಾನಿಕ್ ಸೆನ್ಸರ್ ಗೋಡೆಯ ದೂರ ಸರಿಯಾಗಿ ಹೇಳುತ್ತದೆ, ಕಿಟಕಿ ಪರದೆಯ ಎದುರು ಹಿಡಿದರೆ ಬಾಯಿಗೆ ಬಂದ ಅಂಕಿ ಹೇಳುತ್ತದೆ. ಹೂಕುಂಡಕ್ಕೆ ಚುಚ್ಚಿದ ತೇವದ ಸೆನ್ಸರ್ ಒಂದೂವರೆ ತಿಂಗಳಿಗೇ ಕೆಟ್ಟಿತು. ಮೂರೂ ಕಳಪೆ ಮಾಲು ಅಂತ ಬಿಸಾಕಲೇ? ಅಸಲಿಗೆ ಈ ಸೆನ್ಸರ್‌ಗಳು ಕೆಲಸ ಮಾಡೋದು ಹೇಗೆ? ನಾನು ಎಲೆಕ್ಟ್ರಾನಿಕ್ಸ್ ಓದಿದವಳಲ್ಲ, ಅರ್ಥವಾಗುವ ಹಾಗೆ ಹೇಳಿ.

ಉತ್ತರ: ಬಿಸಾಕಬೇಡಿ. ಮೂರರಲ್ಲಿ ಎರಡು ಸರಿಯಾಗೇ ಕೆಲಸ ಮಾಡುತ್ತಿವೆ. ಮೂರನೆಯದು ಕೆಟ್ಟಿರುವುದು ನಿಜ, ಆದರೆ ಅದನ್ನು ಸಾಯಿಸಿದ್ದು ನೀವು ಕೊಟ್ಟ ಕರೆಂಟು.

ಸೆನ್ಸರ್ ಡಬ್ಬಿಯ ಮೇಲೆ ಏನು ಬರೆದಿರುತ್ತದೋ ಅದನ್ನು ಅದು ಅಳೆಯುವುದಿಲ್ಲ. ‘ಮನುಷ್ಯರನ್ನು ಗುರುತಿಸುವ ಸೆನ್ಸರ್’ ಅಂತ ಬರೆದಿರುತ್ತದೆ, ಅದಕ್ಕೆ ಮನುಷ್ಯ ಅಂದರೆ ಏನು ಅಂತಲೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು ಅನ್ನುವುದಷ್ಟೇ. ತೇವದ ಸೆನ್ಸರ್‌ಗೆ ನೀರು ಗೊತ್ತಿಲ್ಲ, ಕರೆಂಟು ಎಷ್ಟು ಸುಲಭವಾಗಿ ಹರಿಯಿತು ಅನ್ನುವುದು ಗೊತ್ತು. ನಮಗೆ ಬೇಕಾದದ್ದು ಒಂದು, ಅದಕ್ಕೆ ತಾಕುವುದು ಇನ್ನೊಂದು. ಇವೆರಡರ ನಡುವೆ ಇರುವ ಸಂದಿಯಲ್ಲೇ ನಿಮ್ಮ ಮೂರೂ ತೊಂದರೆ ಹುಟ್ಟಿರುವುದು.

ಮೊದಲು ಮೆಟ್ಟಿಲ ದೀಪ. ಅದರಲ್ಲಿ ಇರುವುದು ಪಿಐಆರ್ ಸೆನ್ಸರ್, ಅಂದರೆ ಎದುರಿನಿಂದ ಬರುವ ಶಾಖದ ಕಿರಣಗಳನ್ನು ಗಮನಿಸುವಂಥದ್ದು. ಮುಂದೆ ಕಾಣುವ ಹಾಲಿನ ಬಣ್ಣದ ಗುಮ್ಮಟವನ್ನು ಎಳೆದು ತೆಗೆದರೆ ಒಳಗೆ ಶರ್ಟಿನ ಗುಂಡಿಗಿಂತ ಚಿಕ್ಕದಾದ ಒಂದು ಲೋಹದ ಡಬ್ಬಿ ಸಿಗುತ್ತದೆ. ಅದರ ನೆತ್ತಿಯ ಮೇಲೆ ಕಪ್ಪಗೆ ಹೊಳೆಯುವ ಚೌಕ ಕಿಟಕಿ. ಆ ಕಿಟಕಿಯ ಹಿಂದೆ ಪಕ್ಕಪಕ್ಕದಲ್ಲಿ ಎರಡು ಪುಟ್ಟ ಚೂರುಗಳು. ಬಿಸಿಯಾದಾಗ ಅಥವಾ ತಣ್ಣಗಾದಾಗ ಮಾತ್ರ ಒಂದಿಷ್ಟು ಚಾರ್ಜ್ ಹುಟ್ಟಿಸುವ ವಸ್ತು ಅದು. ಬಿಸಿ ಹಾಗೇ ಇದ್ದರೆ ಏನೂ ಇಲ್ಲ, ಬದಲಾದರೆ ಮಾತ್ರ ಸದ್ದು. ಎರಡೂ ಚೂರುಗಳನ್ನು ಒಂದಕ್ಕೊಂದು ಉಲ್ಟಾ ಜೋಡಿಸಿರುತ್ತಾರೆ. ಇಡೀ ಕೋಣೆ ನಿಧಾನವಾಗಿ ಬಿಸಿಯಾದರೆ ಎರಡರ ಮೇಲೂ ಒಂದೇ ಸಮ ಬೀಳುತ್ತದೆ, ಒಂದನ್ನೊಂದು ಕಳೆದುಕೊಂಡು ಸೊನ್ನೆಯಾಗುತ್ತದೆ. ನೀವು ಎದುರಿಗೆ ಹಾದುಹೋದರೆ ಮೊದಲು ಒಂದು ಚೂರಿಗೆ ನಿಮ್ಮ ಮೈ ಶಾಖ ತಾಗುತ್ತದೆ, ಆಮೇಲೆ ಇನ್ನೊಂದಕ್ಕೆ. ವೋಲ್ಟೇಜು ಒಮ್ಮೆ ಮೇಲೆದ್ದು, ಒಮ್ಮೆ ಕೆಳಗಿಳಿಯುತ್ತದೆ. ಆ ಏರಿಳಿತಕ್ಕೆ ದೀಪ ಹತ್ತುತ್ತದೆ.

ಆ ಬಿಳಿ ಗುಮ್ಮಟ ಧೂಳು ತಡೆಯುವ ಮುಚ್ಚಳ ಅಂದುಕೊಂಡವರೇ ಜಾಸ್ತಿ. ಅದು ಪ್ಲಾಸ್ಟಿಕ್ಕಿನ ಲೆನ್ಸು. ಬೆಳಕಿಗೆ ಹಿಡಿದು ನೋಡಿ, ಜೇನುಗೂಡಿನ ಹಾಗೆ ಸಣ್ಣ ಸಣ್ಣ ಮನೆಗಳು ಕಾಣುತ್ತವೆ. ಒಂದೊಂದು ಮನೆಯೂ ಜಾಗದ ಒಂದೊಂದು ಪಟ್ಟಿಯನ್ನು ಆ ಎರಡು ಚೂರುಗಳ ಮೇಲೆ ತಂದು ಹಾಕುತ್ತದೆ. ಅಂದರೆ ನಿಮ್ಮ ಮೆಟ್ಟಿಲ ಜಾಗ ಅದರ ಪಾಲಿಗೆ ಬೀಸಣಿಗೆಯ ಹಾಗೆ ಹರಡಿದ ಪಟ್ಟಿಗಳು. ಪಟ್ಟಿಯಿಂದ ಪಟ್ಟಿಗೆ ಯಾರಾದರೂ ದಾಟುತ್ತಿರಬೇಕು. ನೀವು ನಿಂತು ಮಾತಾಡುವಾಗ ದಾಟುತ್ತಿಲ್ಲ, ಅಲ್ವಾ? ಅದರ ಲೆಕ್ಕದಲ್ಲಿ ನೀವು ಒಂದು ಬೆಚ್ಚಗಿನ ಕಂಬ.

ಇದರಿಂದಲೇ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಸೆನ್ಸರ್‌ನ ಕಡೆಗೇ ನೇರವಾಗಿ ನಡೆದು ಬರುವವರನ್ನು ಅದು ತಡವಾಗಿ ಹಿಡಿಯುತ್ತದೆ, ಅಡ್ಡ ಹಾಯುವವರನ್ನು ತಟ್ಟನೆ ಹಿಡಿಯುತ್ತದೆ. ಹಾಗಾಗಿ ಮೆಟ್ಟಿಲ ತುದಿಯಲ್ಲಿ ಎದುರಾಗಿ ಹಾಕುವುದಕ್ಕಿಂತ ಪಕ್ಕದ ಗೋಡೆಗೆ ಹಾಕುವುದು ಒಳ್ಳೆಯದು. ಮೈಯಿಂದ ಹೊರಡುವ ಶಾಖದ ಕಿರಣಗಳು ಹೆಚ್ಚಾಗಿ 8ರಿಂದ 14 ಮೈಕ್ರಾನ್ ಅಲೆಯುದ್ದದವು, ಅವು ಸಾಮಾನ್ಯ ಗಾಜಿನಲ್ಲಿ ತೂರುವುದಿಲ್ಲ. ಚೆನ್ನಾಗಿರಲಿ ಅಂತ ಗಾಜಿನ ಮುಚ್ಚಳ ಹಾಕಿಸಿದರೆ ಸೆನ್ಸರ್ ಕುರುಡಾದ ಹಾಗೆ. ಕಡು ಬೇಸಿಗೆಯಲ್ಲಿ ಗೋಡೆಯೂ ಮೈಯಷ್ಟೇ ಬಿಸಿಯಾಗಿದ್ದಾಗ ಅದು ಮಂಕಾಗುವುದೂ ಸಹಜ. ಶಾಖದಲ್ಲಿ ವ್ಯತ್ಯಾಸ ಇಲ್ಲದ ಮೇಲೆ ಅದು ನೋಡುವುದಾದರೂ ಏನನ್ನು?

ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು. ಹೆಚ್ಚಿನ ಪಿಐಆರ್ ಬೋರ್ಡುಗಳಲ್ಲಿ ತಿರುಪುವ ಎರಡು ಗುಂಡಿ ಇರುತ್ತವೆ, ಒಂದು ಸೂಕ್ಷ್ಮತೆಗೆ, ಇನ್ನೊಂದು ದೀಪ ಎಷ್ಟು ಹೊತ್ತು ಉರಿಯಬೇಕು ಅನ್ನುವುದಕ್ಕೆ. ಎರಡನೆಯದನ್ನು ಜಾಸ್ತಿ ಮಾಡಿ. ಸುಮ್ನೆ ನಿಂತವರೂ ಕಾಣಲೇಬೇಕು ಅಂದರೆ 24 ಅಥವಾ 60 ಗಿಗಾಹರ್ಟ್ಸ್ ರೇಡಾರ್ ಸೆನ್ಸರ್ ಬೇಕು. ಅದು ಉಸಿರಾಡುವಾಗ ಎದೆ ಕದಲುವುದನ್ನೂ ಹಿಡಿಯುತ್ತದೆ. ಆದರೆ ಫ್ಯಾನು ತಿರುಗುವುದನ್ನೂ ಹಿಡಿಯುತ್ತದೆ, ತೆಳು ಗೋಡೆಯ ಆಚೆ ಓಡಾಡುವವರನ್ನೂ ಹಿಡಿಯುತ್ತದೆ. ಮೆಟ್ಟಿಲಿಗೆ ನಾನಂತೂ ಪಿಐಆರ್ ಅನ್ನೇ ಇಟ್ಟುಕೊಳ್ಳುತ್ತೇನೆ.

ಈಗ ಮಗಳ ಅಲ್ಟ್ರಾಸಾನಿಕ್. ಮುಂದೆ ಎರಡು ಕಣ್ಣಿನ ಹಾಗೆ ಕಾಣುವ ಎಚ್‌ಸಿ-ಎಸ್‌ಆರ್04 ಇರಬೇಕು, ಪ್ರಾಜೆಕ್ಟುಗಳಲ್ಲಿ ಎಲ್ಲರೂ ಬಳಸುವುದು ಅದನ್ನೇ. ಅವು ಕಣ್ಣಲ್ಲ. ಒಂದು ಬಾಯಿ, ಒಂದು ಕಿವಿ. ಬಾಯಿ 40 ಕಿಲೋಹರ್ಟ್ಸ್‌ನಲ್ಲಿ ಎಂಟು ಸಲ ಟಿಕ್ ಅನ್ನುತ್ತದೆ. ನಮ್ಮ ಕಿವಿಯ ಮಿತಿ 20 ಕಿಲೋಹರ್ಟ್ಸ್ ಆಗಿರುವುದರಿಂದ ನಮಗೆ ಕೇಳಿಸುವುದಿಲ್ಲ. ಶಬ್ದ ಎದುರಿನ ವಸ್ತುವಿಗೆ ಬಡಿದು ವಾಪಸು ಬರಲು ಎಷ್ಟು ಹೊತ್ತಾಯಿತು ಅನ್ನುವುದನ್ನು ಸೆನ್ಸರ್ ಹೇಳುತ್ತದೆ. ದೂರವನ್ನು ಅದು ಹೇಳುವುದೇ ಇಲ್ಲ! 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಹೋಗುತ್ತದೆ, ಅಂದರೆ 1 ಸೆಂಟಿಮೀಟರ್ ಹೋಗಿ ಬರಲು ಸುಮಾರು 58 ಮೈಕ್ರೋಸೆಕೆಂಡ್. ಅದಕ್ಕೇ ಕೋಡಿನಲ್ಲಿ ‘58ರಿಂದ ಭಾಗಿಸು’ ಅಂತ ಇರುತ್ತದೆ. ಮಗಳ ಕೋಡಿನಲ್ಲೂ ಹುಡುಕಿ, ಬಹುಶಃ ಸಿಗುತ್ತದೆ.

ಗೋಡೆ ಶಬ್ದವನ್ನು ವಾಪಸು ಎಸೆಯುತ್ತದೆ. ಪರದೆ ಬಟ್ಟೆ ನುಂಗಿಕೊಳ್ಳುತ್ತದೆ, ಅದರ ಮಡಿಕೆಗಳು ಉಳಿದದ್ದನ್ನು ಅತ್ತಿತ್ತ ಚೆಲ್ಲುತ್ತವೆ. ವಾಪಸು ಬಂದರೂ ದುರ್ಬಲ, ಕೆಲವು ಸಲ ಪರದೆಯ ಹಿಂದಿನ ಕಿಟಕಿಯಿಂದ ಬಂದದ್ದು. ಅಂಕಿ ಕುಣಿಯದೆ ಇನ್ನೇನು ಮಾಡುತ್ತದೆ? ಗೋಡೆಯನ್ನೇ ಓರೆಯಾಗಿ ಹಿಡಿದು ನೋಡಲು ಹೇಳಿ, 45 ಡಿಗ್ರಿ ಕೋನದಲ್ಲಿ. ಅಲ್ಲೂ ತಪ್ಪುತ್ತದೆ. ಕನ್ನಡಿಗೆ ಓರೆಯಾಗಿ ಟಾರ್ಚ್ ಬಿಟ್ಟರೆ ಬೆಳಕು ನಮ್ಮ ಕಡೆ ಬರದೆ ಆಚೆ ಗೋಡೆಗೆ ಹೋಗುತ್ತದಲ್ಲ, ಹಾಗೆ.

ಕಾರಿನ ಹಿಂದಿನ ಬಂಪರಿನಲ್ಲಿ ಗುಂಡಿಗಳಂತೆ ಕಾಣುವವೂ ಇವೇ. ನೀರಿನ ಟ್ಯಾಂಕಿನ ಮಟ್ಟ ನೋಡಲೂ ಬಳಸುತ್ತಾರೆ, ಆದರೆ ತೆರೆದ ಕಿವಿಯದ್ದನ್ನು ಟ್ಯಾಂಕಿನೊಳಗೆ ನೇತುಹಾಕಿದರೆ ಆವಿ ಹನಿಗಟ್ಟಿ ಕೆಲವೇ ದಿನದಲ್ಲಿ ಕಿವುಡಾಗುತ್ತದೆ. ಅಲ್ಲಿಗೆ ಮುಚ್ಚಿದ ಮುಖದ್ದೇ ಬೇಕು. ಒಂದು ಎಚ್ಚರಿಕೆ: ಮುಚ್ಚಿದ್ದರಲ್ಲಿ ಬಾಯಿ ಕಿವಿ ಎರಡೂ ಒಂದೇ. ಕೂಗಿದ ಕಂಪನ ನಿಲ್ಲುವವರೆಗೆ ಅದು ಕೇಳಲಾರದು, ಹಾಗಾಗಿ ತೀರಾ ಹತ್ತಿರದ ವಸ್ತು ಅದಕ್ಕೆ ಕಾಣುವುದಿಲ್ಲ. ಟ್ಯಾಂಕ್ ತುಂಬಿ ನೀರು ಮೂತಿಯ ಹತ್ತಿರ ಬಂದಾಗಲೇ ಲೆಕ್ಕ ತಪ್ಪುತ್ತದೆ ನೋಡಿ, ಸರಿಯಾಗಿ ಬೇಕಾದ ಹೊತ್ತಿಗೆ!

ಮೂರನೆಯದು, ಕುಂಡದಲ್ಲಿ ಸತ್ತದ್ದು. ಎರಡು ಕಾಲಿನ ಫೋರ್ಕಿನಂಥದ್ದು ತಾನೇ? ಅದನ್ನು ಮಣ್ಣಿನಿಂದ ಕಿತ್ತು, ತೊಳೆದು, ಎರಡೂ ಕಾಲನ್ನು ಹೋಲಿಸಿ ನೋಡಿ. ಒಂದು ಕಾಲು ಚೆನ್ನಾಗಿಯೇ ಇರುತ್ತದೆ. ಇನ್ನೊಂದರ ಮೇಲಿನ ಲೋಹ ಇಲಿ ಕೆರೆದ ಹಾಗೆ ಹೋಗಿರುತ್ತದೆ, ಅಂಚಿನಲ್ಲಿ ಹಸಿರು ಮಿಶ್ರಿತ ಪುಡಿ ಇರುತ್ತದೆ. ಹೋಗಿರುವ ಕಾಲು ಪಾಸಿಟಿವ್. ಒದ್ದೆ ಮಣ್ಣಿನಲ್ಲಿ ಎರಡು ಲೋಹದ ಪಟ್ಟಿ ಇಟ್ಟು ಹಗಲೂ ರಾತ್ರಿ ಡಿಸಿ ಕರೆಂಟು (ಒಂದೇ ದಿಕ್ಕಿಗೆ ಹರಿಯುವುದು) ಹರಿಸಿದರೆ ಅದು ಸೆನ್ಸರ್ ಆಗಿ ಉಳಿಯುವುದಿಲ್ಲ, ಎಲೆಕ್ಟ್ರೋಪ್ಲೇಟಿಂಗ್ ತೊಟ್ಟಿ ಆಗುತ್ತದೆ. ಲೋಹ ಕರಗಿ ಮಣ್ಣಿಗೆ ಸೇರುತ್ತದೆ. ಇದೇ ತರದ್ದನ್ನು ಇನ್ನೂ ಬಳಸುತ್ತೀರಾದರೆ ಅಳೆಯುವ ಆ ಒಂದು ಕ್ಷಣಕ್ಕೆ ಮಾತ್ರ ಕರೆಂಟು ಕೊಡಿ, ಗಂಟೆಗೊಮ್ಮೆ ಸಾಕು. ಗಿಡಕ್ಕೆ ಅಷ್ಟೇನು ಅವಸರ?

ಅದಕ್ಕಿಂತಲೂ ಒಳ್ಳೆಯದು ಕೆಪಾಸಿಟಿವ್ ಮಾದರಿ. ಅದರಲ್ಲಿ ಲೋಹ ಮಣ್ಣಿಗೆ ತಾಗುವುದೇ ಇಲ್ಲ, ಬೋರ್ಡಿನ ಒಳಗೇ ಇರುತ್ತದೆ. ವಿದ್ಯುತ್ ಕ್ಷೇತ್ರವನ್ನು ಯಾವ ವಸ್ತು ಎಷ್ಟು ಹಿಡಿದುಕೊಳ್ಳುತ್ತದೆ ಅನ್ನುವುದಕ್ಕೆ ಒಂದು ಅಂಕಿ ಇದೆ: ಗಾಳಿಗೆ 1, ಒಣ ಮಣ್ಣಿಗೆ ಮೂರರಿಂದ ಐದು, ನೀರಿಗೆ ಸುಮಾರು 80. ನೋಡಿ ಎಷ್ಟು ಅಂತರ! ಮಣ್ಣಿಗೆ ಸ್ವಲ್ಪ ನೀರು ಬಿದ್ದರೂ ಅದು ಎದ್ದು ಕಾಣುತ್ತದೆ. ಹಳೆಯ ಮಾದರಿಗೆ ಗೊಬ್ಬರ ಹಾಕಿದ ದಿನ ಮಣ್ಣು ಇದ್ದಕ್ಕಿದ್ದಂತೆ ಒದ್ದೆಯಾದಂತೆ ಕಾಣುತ್ತಿತ್ತು, ಯಾಕೆಂದರೆ ಅದು ಅಳೆಯುತ್ತಿದ್ದದ್ದು ಉಪ್ಪು ಬೆರೆತ ನೀರಿನ ವಾಹಕತೆಯನ್ನು. ಕೆಪಾಸಿಟಿವ್‌ನಲ್ಲಿ ಆ ತೊಂದರೆ ಕಡಿಮೆ. ಕೊಂಡ ತಕ್ಷಣ ಬೋರ್ಡಿನ ಅಂಚಿಗೆ ಎರಡು ಕೋಟ್ ವಾರ್ನಿಶ್ ಅಥವಾ ನೇಲ್ ಪಾಲಿಶ್ ಹಚ್ಚಿ. ಅಂಚು ಕತ್ತರಿಸಿದ ಜಾಗದಿಂದ ನೀರು ಒಳಗೆ ಇಳಿಯುತ್ತದೆ, ಅವು ಸಾಯುವುದು ಹೆಚ್ಚಾಗಿ ಹಾಗೆ.

ನಿಮ್ಮ ಮೂರು ಮುಗಿದವು. ಆದರೆ ‘ಅಸಲಿಗೆ ಹೇಗೆ’ ಅಂತ ಕೇಳಿದ್ದೀರಲ್ಲ, ಅದನ್ನು ತೋರಿಸಲು ಉಷ್ಣತೆ ಅಳೆಯುವ ಥರ್ಮಿಸ್ಟರ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸಾಸಿವೆ ಕಾಳಿಗಿಂತ ಒಂಚೂರು ದೊಡ್ಡದಾದ ಕಪ್ಪು ಮಣಿ, ಎರಡು ತಂತಿ. ಬಿಸಿಯಾದರೆ ಕರೆಂಟಿಗೆ ಅದರ ತಡೆ ಇಳಿಯುತ್ತದೆ. ಲೋಹದ ತಂತಿಯಲ್ಲಿ ಆಗುವುದಕ್ಕೆ ಇದು ಉಲ್ಟಾ. ಸಿಲ್ವರ್ ಸಲ್ಫೈಡ್‌ನಲ್ಲಿ ಈ ಗುಣವನ್ನು ಮೈಕೆಲ್ ಫ್ಯಾರಡೇ 1833ರಲ್ಲೇ ಗಮನಿಸಿದ್ದ. ಈಗ ಹೆಚ್ಚಾಗಿ ಸಿಗುವ ಮಣಿ 25 ಡಿಗ್ರಿಯಲ್ಲಿ 10 ಕಿಲೋ ಓಮ್ ತಡೆ ತೋರಿಸುತ್ತದೆ. 0 ಡಿಗ್ರಿಗೆ ಸುಮಾರು 33 ಕಿಲೋ, 50 ಡಿಗ್ರಿಗೆ ಸುಮಾರು 3.6 ಕಿಲೋ. ಮಲ್ಟಿಮೀಟರ್ ಇದ್ದರೆ ಮಣಿಯನ್ನು ಬೆರಳಲ್ಲಿ ಹಿಡಿದು ನೋಡಿ, ಅಂಕಿ ಇಳಿಯುತ್ತಾ ಹೋಗುವುದು ಕಣ್ಣೆದುರೇ ಕಾಣುತ್ತದೆ.

ಆದರೆ ಕೋಡ್ ಓಡಿಸುವ ಚಿಪ್, ಅಂದರೆ ಮೈಕ್ರೋಕಂಟ್ರೋಲರ್‌ಗೆ ಓಮ್ ಓದಲು ಬರುವುದಿಲ್ಲ, ವೋಲ್ಟೇಜ್ ಮಾತ್ರ ಬರುತ್ತದೆ. ಹಾಗಾಗಿ ಥರ್ಮಿಸ್ಟರ್‌ನ ಕೆಳಗೆ 10 ಕಿಲೋದ ಒಂದು ಮಾಮೂಲಿ ರೆಸಿಸ್ಟರ್ ಜೋಡಿಸಿ, ಎರಡಕ್ಕೂ ಸೇರಿಸಿ 5 ವೋಲ್ಟ್ ಕೊಟ್ಟು, ನಡುವಿನ ಜಾಗದಿಂದ ತಂತಿ ಎಳೆಯುತ್ತಾರೆ. 25 ಡಿಗ್ರಿಯಲ್ಲಿ ಇಬ್ಬರೂ ಸಮಬಲರು, 5 ವೋಲ್ಟನ್ನು ಅರ್ಧರ್ಧ ಹಂಚಿಕೊಳ್ಳುತ್ತಾರೆ, ನಡುವೆ 2.5 ಸಿಗುತ್ತದೆ. 0 ಡಿಗ್ರಿಯಲ್ಲಿ ಅದು 1.2ರ ಹತ್ತಿರಕ್ಕೆ ಬೀಳುತ್ತದೆ, 50 ಡಿಗ್ರಿಯಲ್ಲಿ 3.7ರ ಹತ್ತಿರಕ್ಕೆ ಏರುತ್ತದೆ. 10 ಬಿಟ್‌ನ ಚಿಪ್ ಆದರೆ ಆ ವೋಲ್ಟೇಜನ್ನು 1024 ಮೆಟ್ಟಿಲುಗಳಲ್ಲಿ ಎಷ್ಟನೆಯದು ಅಂತ ಎಣಿಸುತ್ತದೆ. 512 ಬಂತು ಅಂದರೆ 25 ಡಿಗ್ರಿ. ಶಾಖ ತಡೆಯಾಯಿತು, ತಡೆ ವೋಲ್ಟೇಜ್ ಆಯಿತು, ವೋಲ್ಟೇಜ್ ಅಂಕಿಯಾಯಿತು. ಬಹುಪಾಲು ಸೆನ್ಸರ್‌ಗಳ ಕತೆ ಇದೇ, ಮೊದಲ ಹೆಜ್ಜೆ ಮಾತ್ರ ಬೇರೆ ಬೇರೆ.

ಇದರಲ್ಲೇ ನಾನು ಒಮ್ಮೆ ಸರಿಯಾಗಿ ಬೇಸ್ತು ಬಿದ್ದಿದ್ದೇನೆ. ಕೋಣೆಯ ಉಷ್ಣತೆ ತೋರಿಸುವ ಡಬ್ಬಿ ಮಾಡಿದ್ದೆ, ಯಾವಾಗ ನೋಡಿದರೂ ನಾಲ್ಕು ಡಿಗ್ರಿ ಜಾಸ್ತಿ. ಥರ್ಮಿಸ್ಟರ್ ಬದಲಾಯಿಸಿದೆ, ಕೋಡ್ ತಿದ್ದಿದೆ, ಕೊನೆಗೆ ‘ನಾಲ್ಕು ಕಳೆ’ ಅಂತ ಕೋಡಿನಲ್ಲೇ ಬರೆದು ಕೈತೊಳೆದುಕೊಂಡೆ. ಡಬ್ಬಿ ಮುಚ್ಚಳ ತೆಗೆದಿಟ್ಟ ದಿನ ನಾಲ್ಕು ಡಿಗ್ರಿ ಕಡಿಮೆ ತೋರಿಸಿತು! ಆಮೇಲೆ ಹೊಳೆಯಿತು, ಮಣಿಯ ಪಕ್ಕದಲ್ಲೇ ವೋಲ್ಟೇಜ್ ರೆಗ್ಯುಲೇಟರ್ (ಬೋರ್ಡಿಗೆ ಹದವಾದ ವೋಲ್ಟೇಜ್ ಕೊಡುವ ಚಿಪ್) ಕೂತು ಬಿಸಿ ಊದುತ್ತಿತ್ತು. ಮಣಿ ಪಾಪ ತನಗೆ ತಾಗಿದ ಬಿಸಿಯನ್ನು ಸರಿಯಾಗೇ ಹೇಳುತ್ತಿತ್ತು, ಕೋಣೆ ಅದಕ್ಕೆ ಗೊತ್ತೇ ಇರಲಿಲ್ಲ. ಎರಡು ತಂತಿ ಉದ್ದ ಮಾಡಿ ಹೊರಗೆ ಬಿಟ್ಟೆ, ಸರಿಹೋಯಿತು.

ಕುಲುಮೆಯಂಥ ಕಡೆ ಈ ಮಣಿ ನಡೆಯುವುದಿಲ್ಲ, ಥರ್ಮೋಕಪಲ್ ಬೇಕು. ಎರಡು ಬೇರೆ ಲೋಹದ ತಂತಿಗಳ ತುದಿ ಸೇರಿಸಿ ಬಿಸಿ ಮಾಡಿದರೆ ಇನ್ನೊಂದು ತುದಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ, 1821ರಲ್ಲಿ ಸೀಬೆಕ್ ಕಂಡ ಪರಿಣಾಮ ಇದು. ಕೆ ಮಾದರಿಯದು ಡಿಗ್ರಿಗೆ ಬರೀ 41 ಮೈಕ್ರೋವೋಲ್ಟ್ ಆಸುಪಾಸು ಕೊಡುತ್ತದೆ, ಆದರೆ ಸಾವಿರ ಡಿಗ್ರಿ ದಾಟಿದರೂ ಜಗ್ಗುವುದಿಲ್ಲ. ಅದು ಹೇಳುವುದೂ ಎರಡು ತುದಿಗಳ ವ್ಯತ್ಯಾಸವನ್ನು ಮಾತ್ರ. ತಣ್ಣನೆಯ ತುದಿ ಎಷ್ಟು ಬಿಸಿಯಿದೆ ಅಂತ ಇನ್ನೊಂದು ಸೆನ್ಸರ್ ಹೇಳಬೇಕು, ಆಗಲೇ ಲೆಕ್ಕ ಪೂರ್ತಿ.

ತೂಕದ ಯಂತ್ರಕ್ಕೆ ತೂಕ ಗೊತ್ತಿಲ್ಲ ಅಂದರೆ ನಗುತ್ತೀರಿ. ಒಳಗಿರುವುದು ಒಂದು ಅಲ್ಯೂಮಿನಿಯಂ ಗಟ್ಟಿ, ನಡುವೆ ತೂತು ಕೊರೆದದ್ದು. ಮೇಲೆ ಭಾರ ಬಿದ್ದರೆ ಕಣ್ಣಿಗೆ ಕಾಣದಷ್ಟು ಬಗ್ಗುತ್ತದೆ. ಅದಕ್ಕೆ ಅಂಟಿಸಿದ ಹಾಳೆಯಂಥ ತೆಳು ಲೋಹದ ಗೆರೆಗಳು ಹಿಗ್ಗಿದಾಗ ತಡೆ ಚೂರು ಏರುತ್ತದೆ, ಕುಗ್ಗಿದಾಗ ಚೂರು ಇಳಿಯುತ್ತದೆ. ಚೂರು ಅಂದರೆ ಎಷ್ಟು? ಈ ಗಟ್ಟಿಗೆ ಲೋಡ್ ಸೆಲ್ ಅನ್ನುತ್ತಾರೆ. 5 ಕಿಲೋದ ಸಾಮಾನ್ಯ ಲೋಡ್ ಸೆಲ್ ತನ್ನ ಪೂರ್ತಿ ಭಾರಕ್ಕೆ, ನಾವು ಕೊಟ್ಟ ಪ್ರತಿ ವೋಲ್ಟಿಗೆ 2 ಮಿಲಿವೋಲ್ಟ್ ಕೊಡುತ್ತದೆ ಅಂದುಕೊಳ್ಳಿ. 5 ವೋಲ್ಟ್ ಹಾಕಿದರೆ 5 ಕಿಲೋ ತೂಕಕ್ಕೆ 10 ಮಿಲಿವೋಲ್ಟ್, ಅಂದರೆ 1 ಗ್ರಾಂಗೆ 2 ಮೈಕ್ರೋವೋಲ್ಟ್. ಅದಕ್ಕೇ ಜೊತೆಗೆ ಎಚ್‌ಎಕ್ಸ್711ನಂಥ 24 ಬಿಟ್‌ನ ಚಿಪ್ ಇರುತ್ತದೆ. ಗಟ್ಟಿ ಬಿಸಿಯಾದರೂ ಅಂಕಿ ಜಾರುತ್ತದೆ, ತೂಗುವ ಮುಂಚೆ ಸೊನ್ನೆ ಗುಂಡಿ ಒತ್ತಬೇಕಾದ ಕಾರಣಗಳಲ್ಲಿ ಅದೂ ಒಂದು.

ಫೋನ್ ಅಡ್ಡ ಹಿಡಿದರೆ ಪರದೆ ತಿರುಗುತ್ತದಲ್ಲ, ಅಲ್ಲಿರುವುದು ಆಕ್ಸೆಲೆರೋಮೀಟರ್. ಸಿಲಿಕಾನ್‌ನಲ್ಲಿ ಕೆತ್ತಿದ ಪುಟ್ಟ ಭಾರ, ಸ್ಪ್ರಿಂಗಿನ ಮೇಲೆ ತೂಗುತ್ತಿರುತ್ತದೆ. ಅದಕ್ಕೆ ಬಾಚಣಿಗೆಯಂಥ ಹಲ್ಲು, ಎದುರಿಗೆ ಕದಲದ ಇನ್ನೊಂದು ಬಾಚಣಿಗೆ. ಭಾರ ಕದಲಿದರೆ ಹಲ್ಲುಗಳ ನಡುವಿನ ಸಂದಿ ಬದಲಾಗಿ ಕೆಪಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಡುವ ಶಕ್ತಿ ಬದಲಾಗುತ್ತದೆ. ತಮಾಷೆ ಏನೆಂದರೆ ಮೇಜಿನ ಮೇಲೆ ಅಲುಗಾಡದೆ ಇರುವ ಫೋನಿನಲ್ಲಿ ಅದು ಗುರುತ್ವಾಕರ್ಷಣೆಯ ಅಂಕಿಯಾದ 9.8 ತೋರಿಸುತ್ತದೆ, ಕೈಜಾರಿ ಬೀಳುತ್ತಿರುವ ಫೋನಿನಲ್ಲಿ ಸೊನ್ನೆಯ ಹತ್ತಿರ. ನಾವು ಅಂದುಕೊಳ್ಳುವುದಕ್ಕೆ ಪೂರ್ತಿ ಉಲ್ಟಾ! ಕಾರಿನ ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕು ಅಂತ ತೀರ್ಮಾನಿಸುವುದೂ ಇದರ ಮಾತು ಕೇಳಿಯೇ.

ಹಾಲ್ ಸೆನ್ಸರ್ ಅಯಸ್ಕಾಂತಕ್ಕೆ ಸ್ಪಂದಿಸುತ್ತದೆ. ಕರೆಂಟು ಹರಿಯುವ ತೆಳು ಪಟ್ಟಿಯ ಹತ್ತಿರ ಅಯಸ್ಕಾಂತ ತಂದರೆ ಕರೆಂಟು ಒಂದು ಮಗ್ಗುಲಿಗೆ ಒತ್ತರಿಸಿ, ಅಡ್ಡಡ್ಡ ವೋಲ್ಟೇಜ್ ಹುಟ್ಟುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡದ್ದು. ಉಜ್ಜುವ ಭಾಗ ಇಲ್ಲ, ಸವೆಯುವುದಿಲ್ಲ, ಧೂಳು ಎಣ್ಣೆಗೆ ಹೆದರುವುದಿಲ್ಲ. ಹಾಗಾಗಿ ಗಾಡಿಯ ಚಕ್ರದ ವೇಗ, ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರು ಮತ್ತು ಆಕ್ಸಿಲರೇಟರ್ ಹಿಡಿ, ಕವರ್ ಮುಚ್ಚಿದರೆ ಆರುವ ಫೋನ್ ಪರದೆ, ಎಲ್ಲ ಕಡೆ ಇದೇ. ನನ್ನ ಪ್ರಕಾರ ಇಷ್ಟು ಕಡಿಮೆ ಕಾಟ ಕೊಡುವ ಸೆನ್ಸರ್ ಇನ್ನೊಂದಿಲ್ಲ.

ಬೆಳಕು ಗುರುತಿಸುವ ಎಲ್‌ಡಿಆರ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೆಳಕು ಬಿದ್ದರೆ ತಡೆ ಇಳಿಯುತ್ತದೆ, ಕತ್ತಲಾದರೆ ಏರುತ್ತದೆ, ಸಂಜೆ ದೀಪ ಹೊತ್ತಿಸಲು ಸಾಕು. ಹೊತ್ತಿದ ದೀಪದ ಬೆಳಕು ಅದರ ಮೇಲೇ ಬೀಳದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ದೀಪ ರಾತ್ರಿಯಿಡೀ ಕಣ್ಣು ಮಿಟುಕಿಸುತ್ತದೆ.

ಗ್ಯಾಸ್ ಸೆನ್ಸರ್ ವಿಷಯದಲ್ಲಿ ಮಾತ್ರ ನಾನು ಗಂಭೀರ. ಪ್ರಾಜೆಕ್ಟುಗಳಲ್ಲಿ ಬಳಸುವ ಎಂಕ್ಯೂ ಹೆಸರಿನ ಸರಣಿಯವುಗಳ ಒಳಗೆ ಟಿನ್ ಡಯಾಕ್ಸೈಡ್ ಲೇಪನವನ್ನು ಒಂದು ಹೀಟರ್ ಸದಾ ಬಿಸಿಯಾಗಿ ಇಟ್ಟಿರುತ್ತದೆ. ಮುಟ್ಟಿದರೆ ಬೆಚ್ಚಗಿರುತ್ತದೆ, ಕೆಟ್ಟಿದೆ ಅಂದುಕೊಳ್ಳಬೇಡಿ. ಶುದ್ಧ ಗಾಳಿಯಲ್ಲಿ ಆಮ್ಲಜನಕ ಆ ಲೇಪನದ ಮೇಲೆ ಕೂತು ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಂಡಿರುತ್ತದೆ, ತಡೆ ಜಾಸ್ತಿ. ಉರಿಯಬಲ್ಲ ಅನಿಲ ಬಂದರೆ ಆ ಆಮ್ಲಜನಕದ ಜೊತೆ ಸೇರಿ ಅದನ್ನು ಎಬ್ಬಿಸಿಬಿಡುತ್ತದೆ, ತಡೆ ಇಳಿಯುತ್ತದೆ. ಯಾವ ಅನಿಲ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಎಲ್‌ಪಿಜಿ, ಹೈಡ್ರೋಜನ್, ಆಲ್ಕೋಹಾಲ್, ಹೊಗೆ, ನಿಮ್ಮ ಸ್ಯಾನಿಟೈಸರ್, ಎಲ್ಲಕ್ಕೂ ಅದೇ ಕೂಗು. ಹೊಸದನ್ನು ಒಂದೆರಡು ದಿನ ಕರೆಂಟು ಕೊಟ್ಟು ಬಿಸಿ ಮಾಡದೆ ಬಳಸಿದರೆ ಅಂಕಿಗೆ ಅರ್ಥವೇ ಇಲ್ಲ. ಮಗಳು ಕಲಿಯಲಿಕ್ಕೆ ಬಳಸಲಿ, ತೊಂದರೆಯಿಲ್ಲ. ಮನೆಯವರ ಜೀವ ಕಾಯುವ ಕೆಲಸವನ್ನು ಮಾತ್ರ ಮನೆಯಲ್ಲೇ ಜೋಡಿಸಿದ ಬೋರ್ಡಿಗೆ ಕೊಡಬೇಡಿ. ಅದಕ್ಕೆ ಪ್ರಮಾಣಪತ್ರ ಇರುವ ಅಲಾರಂ ತನ್ನಿ, ಎಲ್‌ಪಿಜಿ ಆದರೆ ನೆಲದ ಹತ್ತಿರ ಹಾಕಿಸಿ, ಅದು ಗಾಳಿಗಿಂತ ಭಾರ.

ಕೊನೆಗೆ ಮಗಳ ಪ್ರಾಜೆಕ್ಟಿಗೆ ಒಂದು ಮಾತು. ಶಬ್ದದ ವೇಗ ಬಿಸಿಯ ಜೊತೆ ಏರುತ್ತದೆ, 40 ಡಿಗ್ರಿಯಲ್ಲಿ ಅದು ಸೆಕೆಂಡಿಗೆ ಸುಮಾರು 355 ಮೀಟರ್. 58ರಿಂದ ಭಾಗಿಸುವ ಕೋಡು ಆಗ 2 ಮೀಟರ್ ದೂರವನ್ನು 6 ಸೆಂಟಿಮೀಟರಿನಷ್ಟು ಕಡಿಮೆ ತೋರಿಸುತ್ತದೆ. ಮೇಲೆ ಹೇಳಿದ ಥರ್ಮಿಸ್ಟರ್ ಒಂದನ್ನು ಅದೇ ಬೋರ್ಡಿಗೆ ಜೋಡಿಸಲು ಹೇಳಿ, ರೆಗ್ಯುಲೇಟರ್‌ನಿಂದ ದೂರ. ಉಷ್ಣತೆಯನ್ನು 0.606ರಿಂದ ಗುಣಿಸಿ 331.3ಕ್ಕೆ ಕೂಡಿಸಿದರೆ ಆ ಹೊತ್ತಿನ ವೇಗ ಸಿಗುತ್ತದೆ, ದೂರವನ್ನು ಅದರಿಂದ ಲೆಕ್ಕ ಹಾಕಲಿ. ಪ್ರತಿ ಸಲ ಐದು ಬಾರಿ ಅಳೆದು, ಐದನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಲಿ. ಸರಾಸರಿ ಬೇಡ, ಒಂದೇ ಒಂದು ಹುಚ್ಚು ಅಂಕಿ ಸರಾಸರಿಯನ್ನು ಎಳೆದುಕೊಂಡು ಹೋಗುತ್ತದೆ. ಪರದೆಯನ್ನು ಆಗಲೂ ಅದು ನೆಟ್ಟಗೆ ನೋಡುವುದಿಲ್ಲ. ಪ್ರಾಜೆಕ್ಟ್ ತೋರಿಸುವ ದಿನ ಎದುರಿಗೆ ಒಂದು ರಟ್ಟು ನಿಲ್ಲಿಸಿಕೊಳ್ಳಲಿ.